ರಿಪೇರಿ ಮಾಡದೆ ಬಿಟ್ಟ ಜೋಡು

ಆ ಬೀದಿಯಲ್ಲಿ ಅವನಿಗೆ ಮೊಳೆಯಣ್ಣ ಎಂದು ಹೆಸರು ಬಿದ್ದು ಎಷ್ಟು ವರ್ಷವಾಯಿತೋ ಅವನಿಗೇ ನೆನಪಿಲ್ಲ. ಅವನದು ಷೂ ರಿಪೇರಿ ಅಂಗಡಿ. ಕೆಲಸಕ್ಕೆ ಕೂತಾಗ ಒಂದಿಪ್ಪತ್ತು ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಯ ಅಂಚಿಗೆ ತಂದು, ಎಡಗೈಯಲ್ಲಿ ಕಿತ್ತು ಷೂವಿನ ತಳದ ಅಟ್ಟೆಗೆ ಹೊಡೆಯುವುದು ಅವನು ಅಪ್ಪನಿಂದ ಕಲಿತ ಪದ್ಧತಿ. ಹೊಸಬರು ನೋಡಿದರೆ ಎಲ್ಲಿ ನುಂಗಿಬಿಡುತ್ತಾನೋ ಎಂದು ಗಾಬರಿಯಾಗುತ್ತಾರೆ. ನಲವತ್ತು ವರ್ಷದಲ್ಲಿ ಒಂದು ಮೊಳೆಯನ್ನೂ ಅವನು ನುಂಗಿಲ್ಲ. ನುಂಗಿದ್ದೆಲ್ಲ ಮಾತು. ಬಾಯಲ್ಲಿ ಮೊಳೆ ಇರುವವನು ಏನು ಕೇಳಿದರೂ ಹ್ಞೂಂ ಎನ್ನಬಹುದು, ಇಲ್ಲವೇ ಉಹೂಂ ಎನ್ನಬಹುದು. ಅದಕ್ಕಿಂತ ಹೆಚ್ಚು ಅವನಿಂದ ಯಾರೂ ಬಯಸುವಂತಿಲ್ಲ. ಜನರ ಸಹವಾಸ ಬೇಡದವನಿಗೆ ಇದಕ್ಕಿಂತ ಒಳ್ಳೆಯ ಕಸುಬು ಸಿಕ್ಕುವುದು ಕಷ್ಟ.

ಹೆಂಡತಿ ತೀರಿಕೊಂಡ ಈ ಒಂದೂವರೆ ವರ್ಷದಲ್ಲಂತೂ ಹೊಡೆಯಲು ಮೊಳೆ ಇಲ್ಲದ ಕೆಲಸದಲ್ಲೂ ಅವನ ಬಾಯಲ್ಲಿ ನಾಲ್ಕೈದು ಇದ್ದೇ ಇರುತ್ತಿದ್ದವು. ಮೂರು ಬೀದಿ ಆಚೆ ಇರುವ ಮಗಳು ದಿನಾ ಮಧ್ಯಾಹ್ನ ಬಂದು ಊಟದ ಡಬ್ಬಿ ಇಟ್ಟು, ನಿನ್ನೆಯ ಖಾಲಿ ಡಬ್ಬಿ ಎತ್ತಿಕೊಂಡು ಹೋಗುತ್ತಾಳೆ. ಚೆನ್ನಾಗಿದ್ದೀಯಾ ಎನ್ನುತ್ತಾಳೆ, ನಮ್ಮ ಮನೆಗೇ ಬಂದುಬಿಡಬಾರದೇ ಎನ್ನುತ್ತಾಳೆ, ಯಾಕಪ್ಪಾ ಹೀಗೆ ಮುಖ ಗಂಟು ಹಾಕಿಕೊಂಡಿರುತ್ತೀಯ ಎನ್ನುತ್ತಾಳೆ. ಮೂರಕ್ಕೂ ಒಂದೇ ಹ್ಞೂಂ. ಅವಳು ಹೋದ ಮೇಲೆ ಅಂಗಡಿಯಲ್ಲಿ ಅಂಟಿನ ವಾಸನೆ, ಗೋಡೆಯ ಮೇಲೆ ಸಾಲಾಗಿ ತೂಗುವ, ಪಾದದ ಆಕಾರದ ಮರದ ಅಚ್ಚುಗಳು, ಮತ್ತು ಅವನು.

ಇಂಥವನ ಅಂಗಡಿಗೆ ಒಂದು ದಿನ ಲೈಬ್ರರಿಯಮ್ಮ ಬಂದರು. ಬೀದಿಯ ಕೊನೆಯಲ್ಲಿರುವ ಲೈಬ್ರರಿಯನ್ನು ನೋಡಿಕೊಳ್ಳುವ ಈ ಹೆಂಗಸಿಗೆ ಆಗುವುದಿಲ್ಲ ಎಂದು ಹೇಳಿ ಗೆದ್ದವರು ಆ ಬೀದಿಯಲ್ಲಿ ಯಾರೂ ಇಲ್ಲ. ವಿಷಯ ಇಷ್ಟು. ಶಾಲೆಯ ಡ್ರಿಲ್ ಮೇಷ್ಟ್ರಿಗೆ ಪಾರ್ಕಿನ್ಸನ್ ಖಾಯಿಲೆ ಬಂದು ಎರಡು ವರ್ಷವಾಗಿತ್ತು. ಅರ್ಧ ಬೀದಿಗೆ ಲೆಫ್ಟ್ ರೈಟ್ ಕಲಿಸಿದ ಮನುಷ್ಯ ಈಗ ಹೊಸಿಲ ಮುಂದೆ ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದರು. ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ದುಡ್ಡು ಕೂಡಿಸಲು ಒಂದು ನಡಿಗೆ ಇಟ್ಟುಕೊಂಡಿದ್ದರು. ಅದರಿಂದ ಬಂದದ್ದೆಲ್ಲ ದೊಡ್ಡಾಸ್ಪತ್ರೆಯ ಸಂಶೋಧನೆಗೆ. ಕೈ ನಡುಗುವುದಕ್ಕೆ ಎಷ್ಟು ವರ್ಷ ಮೊದಲೇ ಈ ಖಾಯಿಲೆ ಕಾಲಿನಲ್ಲಿ ತೋರಿಸಿಕೊಳ್ಳುತ್ತದೆ ಎಂದು ಅಲ್ಲಿನ ಡಾಕ್ಟರಮ್ಮ ಹುಡುಕುತ್ತಿದ್ದರು. ಅದಕ್ಕೆ ಹೆಜ್ಜೆಯ ಭಾರ ಅಳೆಯುವ, ನೋಡಲು ಚಾಪೆಯಂತಿರುವ ಯಂತ್ರವೊಂದು ಬೇಕಾಗಿತ್ತು. ಬೀದಿಯವರೆಲ್ಲ ತಂತಮ್ಮ ಕಸುಬಿನ ಒಂದು ವಾರದ ದುಡಿಮೆಯನ್ನು ಇದಕ್ಕೆ ಕೊಡುವುದೆಂದು ತೀರ್ಮಾನವಾಗಿತ್ತು. ಕ್ಷೌರದವನು ಕ್ಷೌರದ್ದು, ಬೇಕರಿಯವಳು ಬ್ರೆಡ್ಡಿನದು.

"ಅಣ್ಣ, ನಡಿಯೋರ ಷೂಗಳೆಲ್ಲ ನಿಮ್ಮ ಪಾಲಿಗೆ," ಎಂದರು ಲೈಬ್ರರಿಯಮ್ಮ.

ಯಾರ ಷೂ ಎಂದು ಗೊತ್ತಾದರೆ ಕೆಲವರಿಗೆ ಸಂಕೋಚ; ಅದಕ್ಕೇ ಒಂದೊಂದು ಜೊತೆಯನ್ನೂ ಚೀಲಕ್ಕೆ ಹಾಕಿ ನಂಬರಿನ ಚೀಟಿ ಕಟ್ಟಿ ಕಳಿಸುತ್ತೇನೆ, ಹೆಸರು ನನ್ನ ಪುಸ್ತಕದಲ್ಲಿರುತ್ತದೆ ಎಂದು ವಿವರಿಸಿದರು. ಮೊಳೆಯಣ್ಣನಿಗೆ ಉಹೂಂ ಎನ್ನಬೇಕೆಂದಿತ್ತು. ಆ ಡಾಕ್ಟರಮ್ಮನ ಹೆಸರು ಕೇಳುವುದೇ ಅವನಿಗೆ ಬೇಡವಾಗಿತ್ತು. ಬಾಯಿಂದ ಬಂದದ್ದು ಮಾತ್ರ ಹ್ಞೂಂ.

ಬೇಡವಾಗಿದ್ದಕ್ಕೆ ಕಾರಣ ಇತ್ತು. ಅದನ್ನು ಅವನು ಮಗಳಿಗೂ ಹೇಳಿರಲಿಲ್ಲ.

ಎಂಟು ಒಂಬತ್ತು ವರ್ಷದ ಹಿಂದಿನ ಮಾತು. ಒಂದು ಸಂಜೆ ಹೆಂಡತಿ ಅಂಗಡಿಗೆ ಬಂದು, "ರೀ, ಯಾಕೋ ಬಲಗಾಲು ಎಡವುತ್ತೆ," ಎಂದಿದ್ದಳು. ಅವನು ಬಾಯಲ್ಲಿ ಮೊಳೆ ಇಟ್ಟುಕೊಂಡೇ ಕೈ ಚಾಚಿ ಅವಳ ಚಪ್ಪಲಿ ಇಸಿದುಕೊಂಡ. ತಿರುಗಿಸಿ ನೋಡಿದ. ಬಲಗಾಲಿನದು ತುದಿಯಲ್ಲಿ ಸವೆದಿತ್ತು. ಸವೆದಿದೆ, ಅದಕ್ಕೇ ಎಡವುತ್ತಾಳೆ. ಇಷ್ಟು ಅರ್ಥವಾಗದಿದ್ದರೆ ಅವನೆಂಥ ರಿಪೇರಿಯವನು? ಒಂದು ತುಂಡು ರಬ್ಬರ್ ಅಂಟಿಸಿ, ಉಜ್ಜಿ ನಯ ಮಾಡಿ ಕೊಟ್ಟ. ಮೂರು ತಿಂಗಳಿಗೆ ಮತ್ತೆ ಸವೆಯಿತು. ಮತ್ತೆ ಅಂಟಿಸಿದ. ಹೊಸ ಜೊತೆ ಬಂದಾಗ ಮೊದಲೇ ಬಲತುದಿಯನ್ನು ಕೂದಲೆಳೆಯಷ್ಟು ಮೇಲೆತ್ತಿ ಕೊಟ್ಟ, ನೆಲಕ್ಕೆ ತಾಗದಿರಲೆಂದು. ನಾಲ್ಕು ವರ್ಷ ಹೀಗೆ. ಹೆಂಡತಿ ನಾಲ್ಕು ಜನರ ಮುಂದೆ ಗಂಡನ ಕೈಗುಣ ಹೊಗಳಿದಳು. ಎಡವುವುದು ನಿಂತಿತ್ತು. ಖಾಯಿಲೆ ನಿಂತಿರಲಿಲ್ಲ.

ಆಮೇಲೆ ಕೈ ನಡುಕ ಶುರುವಾಗಿ ದೊಡ್ಡಾಸ್ಪತ್ರೆಗೆ ಹೋದಾಗ, ಇದು ಪಾರ್ಕಿನ್ಸನ್ ಎಂದ ಡಾಕ್ಟರಮ್ಮ, ಇವರು ಈ ಕೆಲವು ವರ್ಷ ಹಾಕಿಕೊಂಡ ಚಪ್ಪಲಿ ಏನಾದರೂ ಇದ್ದರೆ ತನ್ನಿ, ಸವೆತ ನೋಡಬೇಕು ಎಂದಿದ್ದರು. ಅವನು ನಾಲ್ಕು ಜೊತೆ ಒಯ್ದ. ಒಯ್ಯುವ ಮೊದಲು ಪಾಲಿಷ್ ಬೇರೆ ಮಾಡಿದ. ಡಾಕ್ಟರಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಎಂಥ ಕೆಲಸ ಎಂದು ಮೆಚ್ಚಿಕೊಂಡು, "ಆದ್ರೆ ಇದ್ರಲ್ಲಿ ನಾನು ಓದೋದಕ್ಕೆ ನೀವು ಏನೂ ಉಳಿಸಿಲ್ಲ," ಎಂದು ನಕ್ಕರು. ಹೆಂಡತಿಯೂ ನಕ್ಕಳು. ಅವನೂ ನಕ್ಕಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ, ಅವನಿಗೆ ತಾನು ಮಾಡಿದ್ದೇನು ಎಂದು ಹೊಳೆಯಿತು.

ಒಮ್ಮೆ ಒಬ್ಬನೇ ಹೋಗಿ ಡಾಕ್ಟರಮ್ಮನನ್ನು ಕೇಳಿಯೂ ಕೇಳಿದ್ದ: ನಾಲ್ಕು ವರ್ಷ ಮೊದಲೇ ಗೊತ್ತಾಗಿದ್ದರೆ? ಆಕೆ ಸುಳ್ಳು ಹೇಳುವವರಲ್ಲ. ಖಾಯಿಲೆಯನ್ನು ನಿಲ್ಲಿಸಲು ಆಗುತ್ತಿರಲಿಲ್ಲ, ಅದಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ. ವ್ಯಾಯಾಮ, ಮಾತ್ರೆ, ಬೀಳದ ಹಾಗೆ ನಡೆಯುವ ಅಭ್ಯಾಸ, ಇವೆಲ್ಲ ಬೇಗ ಶುರುವಾಗಬಹುದಿತ್ತು ಎಂದರು. ಬೀಳದ ಹಾಗೆ ಎಂಬುದೊಂದು ಮಾತು ಅವನಲ್ಲಿ ಉಳಿಯಿತು. ಹೆಂಡತಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ಅದೇ ಮಾತು. ಹಾಸಿಗೆ ಹಿಡಿದಾಗ ಅದೇ ಮಾತು. ಮೂರು ವರ್ಷ ಅವಳು ಅವನ ಕಣ್ಣ ಮುಂದೆಯೇ ಇದ್ದಳು. ನನ್ನಿಂದ ಹೀಗಾಯಿತು ಕಣೇ ಎಂದು ಒಂದು ಸಲ ಹೇಳಲು ಅವನ ಬಾಯಿ ಬರಲಿಲ್ಲ. ಕೊನೆಗೆ ಕೇಳಿಸಿಕೊಳ್ಳಲು ಅವಳೇ ಇಲ್ಲ.

ಚೀಲಗಳು ಬಂದವು. ಮೊಳೆಯಣ್ಣ ತಲೆ ಬಗ್ಗಿಸಿ ಕೆಲಸ ಹಿಡಿದ. ಹಿಮ್ಮಡಿ ಕಿತ್ತದ್ದು, ಹೊಲಿಗೆ ಬಿಟ್ಟದ್ದು, ಬಾಯಿ ತೆರೆದು ಹಸಿದಂತೆ ಕೂತದ್ದು. ಷೂ ನೋಡಿದರೆ ಅವನಿಗೆ ಮನುಷ್ಯ ಗೊತ್ತಾಗುತ್ತಾನೆ: ಯಾರು ದುಡುಕಿ ನಡೆಯುತ್ತಾರೆ, ಯಾರು ಇನ್ನೊಬ್ಬರ ತೋಳು ಹಿಡಿದು ಒಂದು ಪಕ್ಕಕ್ಕೆ ವಾಲುತ್ತಾರೆ. ಬೇಕರಿಯವಳ ಷೂವಿನ ಹೊಲಿಗೆಯಲ್ಲಿ ಹಿಟ್ಟು ಕೂತಿತ್ತು. ಲೈಬ್ರರಿಯಮ್ಮನ ಗುಟ್ಟೆಲ್ಲ ಅವನ ಮುಂದೆ ನಡೆಯುವುದಿಲ್ಲ.

ಹದಿನೇಳನೆಯ ಚೀಲದಲ್ಲಿ ಕಪ್ಪು ಚರ್ಮದ ಷೂ ಇತ್ತು. ಎಡಗಾಲಿನದು ಹಿಮ್ಮಡಿಯಲ್ಲಿ ಸವೆದಿತ್ತು, ಎಲ್ಲರದೂ ಸವೆಯುವಂತೆ. ಬಲಗಾಲಿನ ಹಿಮ್ಮಡಿ ಹಾಗೇ ಇತ್ತು. ತುದಿ ಮಾತ್ರ ಉಜ್ಜಿ ಉಜ್ಜಿ ಅಟ್ಟೆ ಹೋಗಿ, ಮೇಲಿನ ಚರ್ಮದ ಅಂಚು ಕೂಡ ಬಿಳಿಚಿಕೊಂಡಿತ್ತು. ಅವನ ಕೈ ನಿಂತಿತು. ಆ ಸವೆತವನ್ನು ಅವನು ಕಣ್ಣು ಮುಚ್ಚಿ ಬೆರಳಿಂದ ಸವರಿದರೂ ಗುರುತಿಸುತ್ತಿದ್ದ.

ಯಾರದು ಎಂದು ತಿಳಿಯಲು ಪುಸ್ತಕ ಬೇಕಾಗಲಿಲ್ಲ. ಅಟ್ಟೆಯ ಬಿರುಕಿನಲ್ಲಿ ನೀಲಿ, ಕೆಂಪು ನೂಲಿನ ತುಣುಕುಗಳು ಸಿಕ್ಕಿಕೊಂಡಿದ್ದವು. ಹೊಲಿಗೆಯ ಸಂದಿಯಲ್ಲಿ ಗುರುತು ಹಾಕುವ ಚಾಕಿನ ಪುಡಿ. ಎದುರಂಗಡಿಯ ಟೈಲರ್. ಹನ್ನೊಂದು ವರ್ಷದಿಂದ ಮಾತು ಬಿಟ್ಟ ಟೈಲರ್.

ಜಗಳ ಶುರುವಾದದ್ದು ಒಂದು ಕೋಟಿನಿಂದ. ಮಗಳ ಮದುವೆಗೆಂದು ಮೊಳೆಯಣ್ಣನಿಗೆ ಟೈಲರ್ ಪ್ರೀತಿಯಿಂದ ಹೊಲಿದುಕೊಟ್ಟ ಕೋಟು, ಬಂದವರ ಕೈ ಕುಲುಕುವಾಗ ಕಂಕುಳಲ್ಲಿ ಪರ್ರೆಂದು ಹರಿಯಿತು. ಮೊಳೆಯಣ್ಣ ಎಲ್ಲರ ಎದುರಿಗೆ, ಇವನು ಹೊಲಿದದ್ದನ್ನು ಹಾಕಿಕೊಂಡರೆ ಕೈ ಕಟ್ಟಿಕೊಂಡೇ ಇರಬೇಕು ಎಂದುಬಿಟ್ಟ. ಜನ ನಕ್ಕರು. ಟೈಲರ್ ನಗಲಿಲ್ಲ. "ಕಾಲು ನೋಡ್ಕೊಂಡು ಬದುಕೋನಿಗೆ ಭುಜದ ವಿಷಯ ಏನು ಗೊತ್ತು?" ಎಂದ. ಅಲ್ಲಿಗೆ ಮುಗಿಯಿತು. ಹನ್ನೆರಡು ಹೆಜ್ಜೆ ಅಗಲದ ರಸ್ತೆಯ ಆಚೆ ಈಚೆ ಕೂತು ಇಬ್ಬರೂ ಮುಖ ತಿರುಗಿಸಿಕೊಂಡೇ ಮುದುಕರಾದರು. ನಡುವೆ ಓಡಾಡುತ್ತಿದ್ದವಳು ಮೊಳೆಯಣ್ಣನ ಹೆಂಡತಿ ಒಬ್ಬಳೇ. ಜಗಳ ನಿಮ್ಮದು, ಗೌನು ನನ್ನದು ಎಂದು ಟೈಲರಿನ ಹತ್ತಿರವೇ ಹೊಲಿಸುತ್ತಿದ್ದಳು. ಟೈಲರಿಗೆ ಮದುವೆ ಮಕ್ಕಳು ಏನೂ ಇರಲಿಲ್ಲ. ಅವಳನ್ನು ತಂಗಿ ಎಂದು ಕರೆಯುತ್ತಿದ್ದ.

ಆ ಷೂವನ್ನು ಮೊಳೆಯಣ್ಣ ಪಕ್ಕಕ್ಕಿಟ್ಟ. ಅದು ಮೆಷಿನ್ನಿನ ಪೆಡಲ್ ತುಳಿದು ಆದ ಸವೆತ ಎಂದು ಮನಸ್ಸಿಗೆ ಸಮಾಧಾನ ಹೇಳಿದ. ಬಲಗಾಲಲ್ಲೇ ತಾನೇ ತುಳಿಯುವುದು? ಒಂದು ತುಂಡು ರಬ್ಬರ್ ಅಂಟಿಸಿದರೆ ಅರ್ಧ ಗಂಟೆಯ ಕೆಲಸ. ಹೇಳಲು ಹೋದರೆ ಅವನು ಏನೆಂದುಕೊಂಡಾನು? ಹನ್ನೊಂದು ವರ್ಷ ಹಲ್ಲು ಕಚ್ಚಿಕೊಂಡಿದ್ದವನು ಈಗ ಖಾಯಿಲೆಯ ಶಾಪ ಹಾಕಲು ಬಂದ ಎಂದುಕೊಳ್ಳುತ್ತಾನೆ. ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ ಎಲ್ಲವನ್ನೂ ಹೇಳಬೇಕು, ಅದೂ ಜಗತ್ತಿನ ಇಷ್ಟೊಂದು ಜನರನ್ನು ಬಿಟ್ಟು ಅವನಿಗೆ. ರಬ್ಬರ್ ಕತ್ತರಿಸಿದ. ಅಂಟು ಕೂಡ ಸವರಿದ. ಅದು ಒಣಗುವವರೆಗೆ ಕಾಯಲಿಲ್ಲ. ಸವರಿದ್ದನ್ನೆಲ್ಲ ಕೆರೆದು ತೆಗೆದ.

ಎರಡು ದಿನ ಅದು ಬೆಂಚಿನ ಮೇಲೆಯೇ ಇತ್ತು. ಉಳಿದದ್ದೆಲ್ಲ ಮುಗಿದು ಹೋಗಿತ್ತು. ಡಬ್ಬಿ ತಂದ ಮಗಳು, ನಾಳಿದ್ದು ನಡಿಗೆ, ಇದೊಂದೇ ಯಾಕೆ ಉಳಿಯಿತು ಎಂದು ಕೇಳಿದಳು. ಅವನು ಹ್ಞೂಂ ಎಂದ. ಅದು ಹ್ಞೂಂ ಎನ್ನುವ ಪ್ರಶ್ನೆಯಲ್ಲ ಎಂದು ಅವಳು ಬೇಸರದಿಂದ ಹೇಳಿ ಹೋದಳು. ಅವಳ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಾ ಕೂತವನು, ಷೂ ಎತ್ತಿಕೊಂಡು ರಸ್ತೆ ದಾಟಿದ.

ಟೈಲರ್ ಮೆಷಿನ್ನಿನ ಮುಂದೆ ಕೂತು ನಡಿಗೆಯ ಬ್ಯಾನರಿನ ಅಂಚು ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ. ಷೂ ಲೈಬ್ರರಿಯಮ್ಮನ ಹತ್ತಿರ ಕೊಡಬೇಕಿತ್ತು ಎಂದು ಬಟ್ಟೆಗೆ ಹೇಳುವಂತೆ ಹೇಳಿದ. ಹನ್ನೊಂದು ವರ್ಷದ ಮೇಲೆ ಮಾತಾಡಲು ಬಂದ ಪುಣ್ಯಾತ್ಮ ಬಾಯಲ್ಲಿ ಮೊಳೆ ಇಟ್ಟುಕೊಂಡೇ ಬಂದಿದ್ದ. ಒಂದೊಂದಾಗಿ ಅಂಗೈಗೆ ತೆಗೆದ. ಐದು. ಇಡಲು ಬೇರೆ ಜಾಗ ಕಾಣದೆ ಟೈಲರಿನ ಗುಂಡಿ ಡಬ್ಬಿಯ ಮುಚ್ಚಳದಲ್ಲಿಟ್ಟ.

"ರಿಪೇರಿ ಮಾಡಿಲ್ಲ," ಎಂದ. "ಮಾಡೋದೂ ಇಲ್ಲ."

ಮೆಷಿನ್ ನಿಂತಿತು. "ಕೋಟಿನ ಸೇಡು ಇನ್ನೂ ತೀರಿಲ್ವಾ ನಿಂದು?"

"ಬಲಗಾಲು ಎಳೀತಿದ್ದೀಯ ನೀನು. ಡಾಕ್ಟರಮ್ಮನಿಗೆ ತೋರಿಸ್ಕೋ. ಇದನ್ನೇ ಹಾಕ್ಕೊಂಡು ಹೋಗು."

ಅದು ಪೆಡಲಿನ ಸವೆತ ಎಂದು ಟೈಲರ್ ತಟ್ಟನೆ ಹೇಳಿದ. ಇಷ್ಟು ಬೇಗ ಉತ್ತರ ಸಿಕ್ಕಿತೆಂದರೆ ಅವನೂ ಆ ತುದಿಯನ್ನು ನೋಡಿ ತನಗೆ ತಾನೇ ಅದನ್ನು ಹೇಳಿಕೊಂಡಿದ್ದ ಎಂದರ್ಥ. ಪೆಡಲ್ ತುಳಿದರೆ ಅಂಗಾಲಿನ ಜಾಗ ನುಣ್ಣಗಾಗಿ ಹೊಳೆಯುತ್ತದೆ, ಇಲ್ಲಿ ನೋಡು, ಹೊಳೆಯುತ್ತಲೂ ಇದೆ. ತುದಿ ಹೀಗೆ ತರಿತರಿಯಾಗಿ ಕಿತ್ತುಬರುವುದು ನೆಲಕ್ಕೆ ಉಜ್ಜಿದರೆ ಮಾತ್ರ ಎಂದು ಮೊಳೆಯಣ್ಣ ಬೆರಳಿಟ್ಟು ತೋರಿಸಿದ.

"ನೀನೇನು ಡಾಕ್ಟರಾ?"

"ಅಲ್ಲ. ನಾಲ್ಕು ವರ್ಷ ಇದನ್ನೇ ರಿಪೇರಿ ಮಾಡಿದೋನು."

ಆಮೇಲೆ ಹೇಳಿದ. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲು ಬರಲಿಲ್ಲ. ಅವಳು ಎಡವುತ್ತೆ ಎಂದದ್ದು, ತಾನು ಕೈ ಮಾತ್ರ ಚಾಚಿದ್ದು, ರಬ್ಬರ್, ಎತ್ತಿದ ತುದಿ, ಪಾಲಿಷ್ ಮಾಡಿ ಒಯ್ದ ನಾಲ್ಕು ಜೊತೆ, ಬಸ್ಸು, ಬಚ್ಚಲು. ಕಾಲು ಹೇಳುತ್ತಿದ್ದ ಮಾತಿಗೆ ತಾನೇ ಬಾಯಿ ಹೊಲಿದೆ ಎಂದ. ಅವಳು ಬದುಕಿದ್ದಾಗ ಅವಳಿಗೂ ಹೇಳಲಿಲ್ಲ ಎಂದ. ಟೈಲರ್ ಅವನ ಮುಖ ನೋಡದೆ ಸೂಜಿಯ ಕೆಳಗಿದ್ದ ಬಟ್ಟೆಯನ್ನೇ ನೋಡುತ್ತಿದ್ದ.

ಕೇಳಿ ಮುಗಿದ ಮೇಲೆ ಟೈಲರ್ ಎದ್ದು, ಕಪಾಟಿನ ಮೇಲಿನಿಂದ ರಟ್ಟು ಹರಿದ ಅಳತೆ ಪುಸ್ತಕವೊಂದನ್ನು ಇಳಿಸಿದ. ಹುಡುಕಬೇಕಾಗಿರಲಿಲ್ಲ, ಆ ಪುಟದಲ್ಲಿ ಮೊದಲೇ ಒಂದು ಬಟ್ಟೆ ಚೂರು ಇಟ್ಟಿದ್ದ. ಮೇಲೆ "ತಂಗಿ" ಎಂದಿತ್ತು. ಕೆಳಗೆ ತಾರೀಖುಗಳು, ಪ್ರತಿ ತಾರೀಖಿನ ಮುಂದೆ ಎರಡು ಅಳತೆ: ಕತ್ತಿನಿಂದ ಅಂಚಿನವರೆಗೆ ಮುಂದೆ ಎಷ್ಟು, ಹಿಂದೆ ಎಷ್ಟು. ಮೊದಲು ಮುಂದೆ ಐವತ್ತೆರಡು ಇಂಚು, ಹಿಂದೆಯೂ ಐವತ್ತೆರಡು. ಮುಂದಿನ ವರ್ಷ ಮುಂದೆ ಐವತ್ತೊಂದೂವರೆ. ಆಮೇಲೆ ಐವತ್ತೊಂದು. ಆಮೇಲೆ ಐವತ್ತು. ಹಿಂದಿನದು ಮಾತ್ರ ಏರುತ್ತಾ ಹೋಗಿತ್ತು.

"ಮುಂದಿನ ಅಂಚು ನೆಲ ಗುಡಿಸುತ್ತೆ ಅಣ್ಣ ಅಂದ್ಲು," ಟೈಲರ್ ಹೇಳಿದ. "ನನ್ನ ಕತ್ತರಿನೇ ತಪ್ಪಿರಬೇಕು ಅಂದ್ಕೊಂಡೆ. ಬಗ್ಗಿ ನಿಲ್ಲೋರಿಗೆ ಮುಂದೆ ಕಮ್ಮಿ ಮಾಡಿ ಹಿಂದೆ ಬಿಡಬೇಕು, ಅದು ನನಗೆ ಗೊತ್ತು. ಹಾಗೇ ಮಾಡ್ದೆ. ಎಷ್ಟು ಚೆನ್ನಾಗಿ ಕೂತಿತ್ತು ಗೊತ್ತಾ ಗೌನು? ಯಾಕೆ ಬಗ್ತಿದ್ದಾಳೆ ಅಂತ ಮಾತ್ರ ಕೇಳ್ಲಿಲ್ಲ."

ಮೊಳೆಯಣ್ಣ ತಾರೀಖುಗಳ ಮೇಲೆ ಬೆರಳಾಡಿಸಿದ. ಅವನು ಮೊದಲ ರಬ್ಬರ್ ಅಂಟಿಸುವುದಕ್ಕೂ ಒಂದೂವರೆ ವರ್ಷ ಮುಂಚೆ ಶುರುವಾಗಿತ್ತು. ಒಂದೇ ಮನೆಯಲ್ಲಿ, ಒಂದೇ ಮೇಜಿಗೆ ಕೂತು ಊಟ ಮಾಡುತ್ತಾ, ಅರ್ಧ ಅರ್ಧ ಇಂಚು ಅವಳು ಅವನೆದುರಿಗೇ ಬಾಗುತ್ತಾ ಹೋಗಿದ್ದಳು. ಅವನು ಚಪ್ಪಲಿ ನೋಡುತ್ತಿದ್ದ.

"ಒಂದ್ಸಲ ಅನುಮಾನ ಬಂದಿತ್ತು," ಟೈಲರ್ ದನಿ ತಗ್ಗಿಸಿದ. "ತಂಗಿ ಯಾಕೋ ಸರಿಯಿಲ್ಲ, ನಿನಗೊಂದು ಮಾತು ಹೇಳೋಣ ಅಂತ ಮೆಟ್ಟಿಲಿಳಿದು ರಸ್ತೆಯವರೆಗೂ ಬಂದೆ. ನೀನು ತಲೆ ಎತ್ತಿ ನೋಡ್ದೆ. ಬಾಯಲ್ಲಿ ಮೊಳೆ ಇತ್ತು. ವಾಪಸ್ ಹೋದೆ."

ಆ ಮಧ್ಯಾಹ್ನ ಮೊಳೆಯಣ್ಣನಿಗೆ ನೆನಪಿರಲಿಲ್ಲ. ನೆನಪಿರದಷ್ಟು ಸಾಧಾರಣ ಮಧ್ಯಾಹ್ನವಾಗಿತ್ತು ಅದು. ಟೈಲರಿನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಸಿಟ್ಟು ಬರಲಿಲ್ಲ. ಇವನ ಪುಸ್ತಕ, ತನ್ನ ಚಪ್ಪಲಿ, ಎರಡೂ ಒಂದು ದಿನ ಒಂದು ಬೆಂಚಿನ ಮೇಲೆ ಸೇರಿದ್ದರೆ ಸಾಕಾಗಿತ್ತು. ಹನ್ನೆರಡು ಹೆಜ್ಜೆ. ಹರಿದ ಕಂಕುಳಿಗಾಗಿ ಅವಳ ಐದಾರು ವರ್ಷವನ್ನು ಇಬ್ಬರೂ ಸೇರಿ ಕಳೆದಿದ್ದರು. ಹೀಗೆಂದು ಅವನು ಬಾಯಿಬಿಟ್ಟೇ ಹೇಳಿದ.

ಟೈಲರ್ ಕತ್ತಿನಲ್ಲಿ ತೂಗುತ್ತಿದ್ದ ಟೇಪನ್ನು ತೆಗೆದು ಅವನ ಕಡೆ ಚಾಚಿದ. "ನನ್ನ ಅಳತೆ ತಗೋ."

ಮೊಳೆಯಣ್ಣನಿಗೆ ಕಾಲಿನ ಅಳತೆ ಬಿಟ್ಟರೆ ಬೇರೆ ಬರುವುದಿಲ್ಲ. ಬರುವುದಿಲ್ಲ ಎಂದ. ಹೇಳಿಕೊಡುತ್ತೇನೆ ಎಂದ ಟೈಲರ್. ನಲವತ್ತು ವರ್ಷ ಊರಿಗೆಲ್ಲ ಅಳತೆ ತೆಗೆದವನನ್ನು ಯಾರೂ ಅಳೆದಿರಲಿಲ್ಲ. ಹರೆಯದಲ್ಲಿ ತೊಟ್ಟ ಒಂದು ಕೋಟಿನ ಹೊಲಿಗೆ ಬಿಚ್ಚಿಟ್ಟುಕೊಂಡು ಅದರ ಅಳತೆಗೇ ತನ್ನ ಬಟ್ಟೆಯನ್ನೆಲ್ಲ ಕತ್ತರಿಸಿಕೊಳ್ಳುತ್ತಿದ್ದ. ಅವನು ಅಳತೆಗೆ ನಿಂತಾಗ ಮೊಳೆಯಣ್ಣ ಮೊದಲ ಬಾರಿಗೆ ಅವನನ್ನು ಸರಿಯಾಗಿ ನೋಡಿದ. ಕೋಟಿನ ಮುಂಭಾಗ ಜೋಲುಬಿದ್ದಿತ್ತು. ಬೆನ್ನ ಕಡೆ ಮೇಲೆದ್ದು ಅಂಗಿಯ ಅಂಚು ಕಾಣುತ್ತಿತ್ತು.

"ಕತ್ತಿನ ಹಿಂದೆ ಮೂಳೆ ಸಿಗುತ್ತೆ ನೋಡು. ಅಲ್ಲಿಂದ ಸೊಂಟಕ್ಕೆ. ಆಮೇಲೆ ಮುಂದೆ. ಟೇಪ್ ಎಳೀಬೇಡ."

ಅಂಟು ಮೆತ್ತಿದ ಬೆರಳುಗಳು ಆ ಮೂಳೆಯನ್ನು ಹುಡುಕಿದವು. ಕೋಟಿನ ಒಳಗಿನ ಮೈ ಬೆಚ್ಚಗಿತ್ತು, ತೀರಾ ತೆಳ್ಳಗಿತ್ತು. ಇನ್ನೊಬ್ಬರ ಮೈ ಮುಟ್ಟಿ ಎಷ್ಟು ದಿನವಾಯಿತು ಎಂದು ಅವನಿಗೆ ಲೆಕ್ಕ ಸಿಗಲಿಲ್ಲ. ಟೈಲರ್ ನೆಟ್ಟಗೆ ನಿಲ್ಲಲು ಒದ್ದಾಡುತ್ತಿದ್ದುದು ಬೆರಳಿಗೆ ಗೊತ್ತಾಗುತ್ತಿತ್ತು. ಅಳೆದ. ಇನ್ನೊಮ್ಮೆ ಅಳೆದ.

"ಎಷ್ಟು?"

ಟೇಪನ್ನು ಸ್ವಲ್ಪ ಸಡಿಲ ಹಿಡಿದರೆ ಅರ್ಧ ಇಂಚು ಮುಚ್ಚಿಹೋಗುತ್ತಿತ್ತು. ಅಷ್ಟು ಸಣ್ಣ ರಿಪೇರಿ ಅವನ ಕೈಗೆ ಕಷ್ಟವಲ್ಲ.

"ಮುಂದೆ ಒಂದೂವರೆ ಇಂಚು ಕಮ್ಮಿ."

ಟೈಲರ್ ಅಳತೆ ಪುಸ್ತಕವನ್ನು ಅವನ ಕಡೆ ಸರಿಸಿದ. ಆಮೇಲೆ, ಹೊಸ ಪುಟ ತೆಗೆದು ಬರಿ, ತಾರೀಖು ಹಾಕು ಎಂದ. ಡಾಕ್ಟರಮ್ಮನ ಹತ್ತಿರ ಹೋಗುವಾಗ ಪುಸ್ತಕವನ್ನೂ ಒಯ್ಯೋಣ, ತಂಗಿಯ ಪುಟ ಅವರ ಕೆಲಸಕ್ಕೆ ಬಂದರೂ ಬಂದೀತು ಎಂದ. ಮೊಳೆಯಣ್ಣ ಬರೆದ. ಅವನ ಅಕ್ಷರ ಟೈಲರಿನ ಅಕ್ಷರದಷ್ಟು ಚೆನ್ನಾಗಿರಲಿಲ್ಲ.

ಟೈಲರ್ ಕೂತು ಆ ಷೂವನ್ನೇ ಕಾಲಿಗೇರಿಸಿದ. ಲೇಸ್ ಕಟ್ಟಲು ಬಲಗೈ ತಡಕಾಡಿತು, ಬಹಳ ಹೊತ್ತು ಹಿಡಿಯಿತು. ಮೊಳೆಯಣ್ಣನ ಕೈ ತಾನಾಗಿಯೇ ಮುಂದೆ ಹೋಗಿ ನಿಂತಿತು, ಕಟ್ಟಿಕೊಡಲಿಲ್ಲ, ಕಾದ. ಕಟ್ಟಿ ಮುಗಿಸಿದ ಟೈಲರ್ ಎದ್ದು, ನೀರು ಕುಡಿದು ಬರುತ್ತೇನೆ ಕೂತಿರು ಎಂದು ಒಳಕೋಣೆಯ ಕಡೆ ನಡೆದ.

ಎಡಗಾಲು ಟಪ್ ಎಂದಿತು. ಬಲಗಾಲು ಸರ್ರ್ ಎಂದಿತು. ಟಪ್, ಸರ್ರ್. ತನ್ನ ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲವರೆಗೆ ವರ್ಷಗಟ್ಟಲೆ ಕೇಳಬೇಕಾಗಿದ್ದ ಸದ್ದು ಅದು. ಕೇಳದಂತೆ ತಾನೇ ರಬ್ಬರ್ ಅಂಟಿಸಿದ್ದ. ಗುಂಡಿ ಡಬ್ಬಿಯ ಮುಚ್ಚಳದಲ್ಲಿ ಐದು ಮೊಳೆಗಳು ಹಾಗೇ ಇದ್ದವು. ಮೊಳೆಯಣ್ಣ ಬರಿ ಬಾಯಲ್ಲಿ ಕೂತು, ಆ ಸದ್ದು ಒಳಗೆ ಹೋಗಿ, ನಿಂತು, ಮತ್ತೆ ತನ್ನ ಕಡೆಗೆ ಬರುವವರೆಗೂ ಕೇಳಿಸಿಕೊಂಡ.